ಮೈಲುತುತ್ತ ಮತ್ತು ಖಾಲಿ ಟ್ಯಾಂಕು

ಬೆಂಗಳೂರಿಗೆ ಸಮುದ್ರವಿಲ್ಲ. ಸಮುದ್ರದ ಮೀನು ಸಾಕುವ ಗಾಜಿನ ಟ್ಯಾಂಕುಗಳಿಗೆ ಮಾತ್ರ ಬರವಿಲ್ಲ. ಹೋಟೆಲಿನ ಲಾಬಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಹೊಸ ಅಪಾರ್ಟ್‌ಮೆಂಟಿನ ಹಾಲು, ಎಲ್ಲಿ ನೋಡಿದರೂ ಇವೆ. ಅವನ್ನು ತೊಳೆದು, ನೀರು ಪರೀಕ್ಷಿಸಿ, ಮೀನು ಬದುಕಿಸಿಕೊಡುವುದು ನನ್ನ ಹೊಟ್ಟೆಪಾಡು. ಹುಟ್ಟೂರು ಹೊನ್ನಾವರದ ಕಡೆ. ಊರಲ್ಲಿ ಪುಕ್ಕಟೆ ಸಿಗುವ ಉಪ್ಪುನೀರನ್ನು ಇಲ್ಲಿ ಆರ್‌ಒ ನೀರಿಗೆ ಪ್ಯಾಕೆಟ್ ಉಪ್ಪು ಕದಡಿ ಮಾಡಿಕೊಳ್ಳುತ್ತೇನೆ. ಗಿರಾಕಿಗಳು ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಿದರೆ ಕಾರಣ ಬಹುತೇಕ ಒಂದೇ: "ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ ಎದ್ದಿದೆ, ಬಂದು ಏನಾದರೂ ಔಷಧಿ ಹಾಕಿ."

ಔಷಧಿ ಇದೆ. ಆದರೆ ಅದನ್ನು ಆ ಟ್ಯಾಂಕಿಗೆ ಹಾಕುವಂತಿಲ್ಲ. ಯಾಕೆಂದು ಹೇಳಹೊರಟರೆ ಲಂಡನ್ನಿನಿಂದ ಶುರುಮಾಡಬೇಕು. ಗಿರಾಕಿಗೆ ಅಷ್ಟು ಪುರುಸೊತ್ತಿರುವುದಿಲ್ಲ. ಆ ಪುರಾಣವನ್ನು ಇಲ್ಲಿ ಬಿಚ್ಚುತ್ತೇನೆ.

1846ರಲ್ಲಿ ಆನಾ ಥಿನ್ ಎಂಬವರು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಟಾರ್ಕಿಯಿಂದ ಜೀವಂತ ಹವಳದ ತುಣುಕುಗಳನ್ನು ಲಂಡನ್ನಿನ ಮನೆಗೆ ತಂದರು. ಅವರ ಗಂಡ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪಾದ್ರಿ. ಲಂಡನ್ನಿಗೂ ಸಮುದ್ರ ದೂರವೇ. ದಿನಾ ಹೊಸ ನೀರು ತರಿಸುವುದು ಆಗದ ಮಾತು. ಹಾಗಾಗಿ ಮನೆಗೆಲಸದ ಹುಡುಗಿ ತೆರೆದ ಕಿಟಕಿಯ ಬಳಿ ನಿಂತು ಅದೇ ನೀರನ್ನು ಪಾತ್ರೆಯಿಂದ ಪಾತ್ರೆಗೆ ಅರ್ಧ ಮುಕ್ಕಾಲು ತಾಸು ಹೊಯ್ದು ಗಾಳಿ ಬೆರೆಸುತ್ತಿದ್ದಳು. ಒಡತಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು, ಹುಡುಗಿಯದ್ದು ಉಳಿಯಲಿಲ್ಲ. ನನ್ನ ಕಸುಬಿನಲ್ಲಿ ಮೊದಲು ಬೆವರು ಸುರಿಸಿದವಳು ಅವಳೇ ಎಂದು ನನ್ನ ಲೆಕ್ಕ.

1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ 'ಫಿಶ್ ಹೌಸ್' ತೆರೆಯಿತು. ಜನ ದುಡ್ಡು ಕೊಟ್ಟು ನೋಡಲು ಹೋದ ಮೊದಲ ಅಕ್ವೇರಿಯಂ ಅದು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅದರ ಮೇಲೊಂದು ಪುಸ್ತಕ ಬರೆದರು. ಅಡಿಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡು, ಪೊಟ್ಯಾಸಿಯಂ ಕ್ಲೋರೈಡು ಬೆರೆಸಿ ಸಮುದ್ರದ ನೀರನ್ನೇ ತಯಾರಿಸುವ ಪಾಕವನ್ನೂ ಪ್ರಕಟಿಸಿದರು. ನಾನಿಂದು ಬಕೆಟ್ಟಿನಲ್ಲಿ ಕದಡುವ ಉಪ್ಪಿನ ಮೂಲ ಅಲ್ಲಿದೆ. ಆಮೇಲೆ ಬಂದವರು ವಿಲಿಯಂ ಆಲ್ಫರ್ಡ್ ಲಾಯ್ಡ್. 1864ರಲ್ಲಿ ಹ್ಯಾಂಬರ್ಗಿನಲ್ಲಿ, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಅವರು ಕಟ್ಟಿದ ಅಕ್ವೇರಿಯಂಗಳ ಗುಟ್ಟು ನೆಲದಡಿಯಲ್ಲಿತ್ತು: ಪ್ರದರ್ಶನದ ಟ್ಯಾಂಕುಗಳಿಗಿಂತ ಎಷ್ಟೋ ದೊಡ್ಡದಾದ ಕತ್ತಲ ಹೊಂಡ. ಅಲ್ಲಿಂದ ಪಂಪು ನೀರನ್ನೆತ್ತಿ ಎಲ್ಲ ಟ್ಯಾಂಕುಗಳಿಗೂ ಹರಿಸಿ ಮತ್ತೆ ಹೊಂಡಕ್ಕೇ ಬಿಡುತ್ತಿತ್ತು. ನೀರು ಬದಲಿಸಬೇಡಿ, ಓಡಾಡಿಸಿ, ಇಷ್ಟೇ ಲಾಯ್ಡರ ಸೂತ್ರ. ಸಮುದ್ರವಿಲ್ಲದ ಊರುಗಳಲ್ಲಿ ಸಮುದ್ರದ ಮೀನು ಬದುಕಿದ್ದು ಈ ಸೂತ್ರದಿಂದ. ಮುಂದೆ ಅವು ಗುಂಪುಗುಂಪಾಗಿ ಸತ್ತದ್ದರ ಬೇರೂ ಇದರಲ್ಲೇ ಇತ್ತು.

ಲಾಯ್ಡರ ಕಾಲದ ಟ್ಯಾಂಕುಗಳಲ್ಲಿ ಹೆಚ್ಚಾಗಿ ಇದ್ದದ್ದು ಯುರೋಪಿನ ತಣ್ಣೀರಿನ ಜೀವಿಗಳು. 1924ರಲ್ಲಿ ಅದೇ ಲಂಡನ್ ಮೃಗಾಲಯ ಹೊಸ ಅಕ್ವೇರಿಯಂ ಕಟ್ಟಿ, ಬಿಸಿ ಸಮುದ್ರಗಳ ಬಣ್ಣದ ಮೀನುಗಳನ್ನು ತಂದು ಬೆಚ್ಚನೆಯ ನೀರಿನಲ್ಲಿ ಇಟ್ಟಿತು. ಕೆಲವೇ ವರ್ಷಗಳಲ್ಲಿ ಮೀನುಗಳ ಕಿವಿರಿನ ಮೇಲೆ ಅಂಟಿಕೊಂಡ ಸೂಕ್ಷ್ಮಜೀವಿಯೊಂದು ಕಣ್ಣಿಗೆ ಬಿತ್ತು. ಇ.ಎಂ. ಬ್ರೌನ್ 1931ರಲ್ಲಿ ಅದಕ್ಕೆ ಓಡಿನಿಯಂ ಒಸೆಲ್ಲೇಟಂ ಎಂದು ಹೆಸರಿಟ್ಟರು. 1946ರಿಂದ ಅದು ಅಮೈಲೂಡಿನಿಯಂ. ನಾವು ಕೆಲಸದವರು 'ವೆಲ್ವೆಟ್' ಎನ್ನುತ್ತೇವೆ; ಮೈಮೇಲೆ ಚಿನ್ನದ ಬಣ್ಣದ ಸಣ್ಣ ಧೂಳು ಕೂತಂತೆ ಕಾಣುವ ಹೊತ್ತಿಗೆ ಮೀನಿನ ಉಸಿರು ಅರ್ಧ ನಿಂತಿರುತ್ತದೆ.

ಅತ್ತ ನ್ಯೂಯಾರ್ಕಿನಲ್ಲೂ ಇದೇ ಕತೆ. ಅಲ್ಲಿಯ ಅಕ್ವೇರಿಯಂ 1896ರಿಂದ ಇದ್ದದ್ದು ಬಂದರಿನ ದಡದ ಹಳೆಯ ಕೋಟೆಯೊಂದರಲ್ಲಿ. ಅದಕ್ಕೂ ಮುಂಚೆ ಯುರೋಪಿನಿಂದ ಹಡಗಿಳಿದ ವಲಸಿಗರನ್ನು ತಪಾಸಣೆ ಮಾಡಿ ಒಳಬಿಡುತ್ತಿದ್ದ ಕಟ್ಟಡ ಅದು. ಮನುಷ್ಯರಿಗೆ ಇದ್ದ ಆ ತಪಾಸಣೆಯ ಕಟ್ಟು ಮೀನುಗಳಿಗೆ ಇರಲಿಲ್ಲ. 1927ರಲ್ಲಿ ಮೆಕಲಮ್ ಎಂಬವರು ಅಲ್ಲಿಯ ಮೀನುಗಳ ಮೈಮೇಲಿಂದ ಚಪ್ಪಟೆ ಹುಳುವೊಂದನ್ನು ವಿವರಿಸಿದರು. ಕಣ್ಣಿಗೇ ಕಚ್ಚಿ ಮೀನನ್ನು ಕುರುಡು ಮಾಡುವ ಹುಳು. ಮೀನನ್ನು ಕೆಲವು ನಿಮಿಷ ಸಿಹಿನೀರಿನಲ್ಲಿ ಅದ್ದಿದರೆ ಅಲ್ಲಿಯವರೆಗೆ ಗಾಜಿನಷ್ಟು ಪಾರದರ್ಶಕವಾಗಿದ್ದ ಹುಳು ಬೆಳ್ಳಗಾಗಿ ಉದುರುತ್ತದೆ. ಇಂದಿಗೂ ನಾವು ಮಾಡುವುದು ಅದನ್ನೇ. 1936ರಲ್ಲಿ ಅಲ್ಲಿಯ ರಾಸ್ ನಿಗ್ರೆಲ್ಲಿ ವೆಲ್ವೆಟ್ಟಿನ ಜೀವನಚಕ್ರವನ್ನು ಬಿಡಿಸಿಟ್ಟರು: ಮೀನಿನ ಮೈಬಿಟ್ಟು ತಳಕ್ಕೆ ಬಿದ್ದ ಒಂದೊಂದು ಕೋಶವೂ ಒಡೆಯುತ್ತಾ ಒಡೆಯುತ್ತಾ 256ರವರೆಗೆ ಮರಿ ಹಾಕಬಲ್ಲದು.

ಬಿಳಿಚುಕ್ಕಿಯ ಸರದಿ ಆಮೇಲೆ. 1937ರಲ್ಲಿ ಜಪಾನಿನ ಸಿಕಾಮಾ ಅದನ್ನು ಮೊದಲು ವರದಿ ಮಾಡಿದರು. 1951ರಲ್ಲಿ ಲಂಡನ್ನಿನ ಅದೇ ಬ್ರೌನ್ ಅದಕ್ಕೆ ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಎಂದು ಹೆಸರು ಕೊಟ್ಟರು. ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ಇದ್ದ ಊರಲ್ಲೇ ನಮ್ಮ ಎರಡು ದೊಡ್ಡ ಶತ್ರುಗಳ ನಾಮಕರಣವೂ ಆದದ್ದು ಕಾಕತಾಳೀಯ ಎಂದು ನನಗನ್ನಿಸುವುದಿಲ್ಲ. ಎಲ್ಲಿ ನೀರನ್ನು ಹೆಚ್ಚು ಕಾಲ ಮುಚ್ಚಿಟ್ಟಿದ್ದರೋ ಅಲ್ಲೇ ಅವು ಹೆಚ್ಚಿದವು.

ಈ ಬಿಳಿಚುಕ್ಕಿಯ ದಿನಚರಿ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಕಾಣುವ ಚುಕ್ಕಿ ಮೀನಿನ ಚರ್ಮದೊಳಗೆ ಹೊಕ್ಕು ಮೇಯುತ್ತಿರುವ ಸೂಕ್ಷ್ಮಜೀವಿ. ಮೂರರಿಂದ ಏಳು ದಿನ ಮೇದು ಹೊಟ್ಟೆ ತುಂಬಿದ ಮೇಲೆ, ಹೆಚ್ಚಾಗಿ ಕತ್ತಲಲ್ಲಿ, ಮೈಬಿಟ್ಟು ತಳಕ್ಕಿಳಿಯುತ್ತದೆ. ಗಿರಾಕಿಗೆ ಮೀನು ಗುಣವಾದಂತೆ ಕಾಣುವುದು ಈಗ. ಫೋನು ಮಾಡಿ "ಚುಕ್ಕಿ ತಾನಾಗಿಯೇ ಹೋಯಿತು, ನೀವು ಬರುವುದು ಬೇಡ" ಎನ್ನುವುದೂ ಈಗಲೇ. ತಳದಲ್ಲಿ ಅದು ಕಲ್ಲಿಗೋ ಮರಳಿಗೋ ಅಂಟಿ, ಗಟ್ಟಿ ಕವಚ ಕಟ್ಟಿಕೊಂಡು, ಒಳಗೇ ಒಡೆದು ನೂರಾರು ಮರಿಯಾಗುತ್ತದೆ. ಆ ಮರಿಗಳು ಈಜಿ ಹೊರಬರುವುದು ನಡುರಾತ್ರಿಯಿಂದ ಬೆಳಗಿನೊಳಗೆ, ಮೀನುಗಳು ಕಲ್ಲುಸಂದಿಯಲ್ಲಿ ಅಲ್ಲಾಡದೆ ಮಲಗಿರುವಾಗ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ.

ಕಡಲಿನಲ್ಲಿ ಬಹುಪಾಲು ಮರಿಗಳ ಗತಿ ಹಾಗೆಯೇ. ಕವಚ ಬಿದ್ದದ್ದೊಂದು ಕಡೆ, ಮೀನು ಹೋದದ್ದು ಇನ್ನೊಂದು ಕಡೆ, ನಡುವೆ ಹರಿಯುವ ನೀರು. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ಹಿಡಿದ ಮೀನುಗಳನ್ನು ಪರೀಕ್ಷಿಸಿದಾಗ ಅವುಗಳ ಮೈಮೇಲೂ ಈ ಜೀವಿ ಇತ್ತು, ಆದರೆ ಬೆರಳೆಣಿಕೆಯಷ್ಟು. ಹುಟ್ಟಿದ ಮರಿಗಳೆಲ್ಲ ಅದೇ ಮೀನಿಗೆ ಬಂದು ಮುತ್ತುವುದು ನಾಲ್ಕು ಗೋಡೆಗಳ ನಡುವೆ ಮಾತ್ರ. ಜೀವಿಯನ್ನು ಕೊಟ್ಟದ್ದು ಕಡಲು. ಪಿಡುಗು ಮಾಡಿದ್ದು ಗಾಜು.

ಔಷಧಿಯ ಮಾತಿಗೆ ಬರೋಣ. 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸ್ಟೈನ್‌ಹಾರ್ಟ್ ಅಕ್ವೇರಿಯಂನ ರಾಬರ್ಟ್ ಡೆಂಪ್‌ಸ್ಟರ್, ವೆಲ್ವೆಟ್ ರೋಗಕ್ಕೆ ಕಾಪರ್ ಸಲ್ಫೇಟ್ ಬಳಸಿದ್ದನ್ನು ಪ್ರಕಟಿಸಿದರು. ಅದೇ ನಮ್ಮ ಮೈಲುತುತ್ತ! ಇದನ್ನು ಮೊದಲು ಓದಿದಾಗ ನನಗೆ ನಗು ಬಂತು. ನಮ್ಮ ಮನೆಯ ಅಡಿಕೆ ತೋಟಕ್ಕೆ ಮಳೆಗಾಲದ ಹೊಸ್ತಿಲಲ್ಲಿ ಹೊಡೆಯುತ್ತಿದ್ದದ್ದು ಅದನ್ನೇ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಅದಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿಸಿದ್ದರು. ಅಪ್ಪ ಮೈಲುತುತ್ತದ ನೀಲಿ ಹರಳನ್ನು ಒಂದು ಪಾತ್ರೆಯಲ್ಲಿ, ಸುಣ್ಣವನ್ನು ಇನ್ನೊಂದರಲ್ಲಿ ಕರಗಿಸಿ, ಬೆರೆಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತಿದ್ದರು. ಅಲಗು ಕೆಂಪಾದರೆ ತಾಮ್ರ ಬಿಡುವಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ.

ಸುಣ್ಣ ತಾಮ್ರವನ್ನು ಹಿಡಿದುಕೊಳ್ಳುವ ಗುಣ ತೋಟದಲ್ಲಿ ಬೇಕಾಗಿತ್ತು, ಟ್ಯಾಂಕಿನಲ್ಲಿ ಅದೇ ಮುಳುವು. ಅಡಿಕೆಗೊನೆಯ ಮೇಲೆ ತಾಮ್ರ ಕಚ್ಚಿಕೊಂಡು ಕೂರಲಿ ಎಂದು ಅಪ್ಪ ಸುಣ್ಣ ಬೆರೆಸುತ್ತಿದ್ದರು. ಮೀನಿನ ಟ್ಯಾಂಕಿನಲ್ಲಿ ಮಾತ್ರ ತಾಮ್ರ ನೀರಿನಲ್ಲಿ ಬಿಡುವಾಗಿಯೇ ಇರಬೇಕು. ಸಮುದ್ರದ ನೀರೋ ಕ್ಷಾರ. ತಳದ ಹವಳದ ಪುಡಿ, ಸತ್ತ ಹವಳದ ಕಲ್ಲು ಎಲ್ಲವೂ ಸುಣ್ಣವೇ. ಹಾಕಿದ ತಾಮ್ರವನ್ನು ಅವು ಎಳೆದುಕೊಳ್ಳುತ್ತವೆ. ರೋಗಕ್ಕೆ ತಾಗಬೇಕಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ ಬೇಕು. ಕೆಳಗಿಳಿದರೆ ಕೆಲಸ ಮಾಡದು, ಮೇಲೇರಿದರೆ ಮೀನಿಗೇ ವಿಷ. ತಾಮ್ರ ತಳಕ್ಕಿಳಿಯದಿರಲಿ ಎಂದು ಸಿಟ್ರಿಕ್ ಆಮ್ಲ ಬೆರೆಸುವ ಉಪಾಯ ಬಂತು. ಆದರೂ ದಿನಾ ಅಳೆದು ಹಾಕುವುದು ತಪ್ಪಲಿಲ್ಲ. ಇನ್ನೊಂದು ಮಾತು: ಚರ್ಮದೊಳಗೆ ಹೊಕ್ಕದ್ದನ್ನೂ ಕವಚದೊಳಗೆ ಕೂತದ್ದನ್ನೂ ತಾಮ್ರ ಮುಟ್ಟಲಾರದು. ಅದು ಕೊಲ್ಲುವುದು ಈಜುವ ಮರಿಯನ್ನು ಮಾತ್ರ. ಆದ್ದರಿಂದ ಅದೇ ಪ್ರಮಾಣವನ್ನು ವಾರಗಟ್ಟಲೆ ಕಾಯ್ದುಕೊಂಡು ಮರಿಗಳ ಹಾದಿ ಕಾಯಬೇಕು.

ವಿಜ್ಞಾನಿಗಳಿದ್ದ ಕಡೆಯೂ ಇದು ಸುಲಭವಾಗಲಿಲ್ಲ. 1966ರಲ್ಲಿ ನಿಗ್ರೆಲ್ಲಿ ಮತ್ತು ರುಜೆರಿ ನ್ಯೂಯಾರ್ಕ್ ಅಕ್ವೇರಿಯಂನಲ್ಲಿ ಬಿಳಿಚುಕ್ಕಿ ಮತ್ತೆ ಮತ್ತೆ ಎದ್ದದ್ದನ್ನು ಬರೆದರು. 1969ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಿಂದಲೂ ಅಂಥದೇ ವರದಿ ಬಂತು. ಆ ಹೊತ್ತಿಗೆ ವಿಮಾನ ಮತ್ತು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲ ಸೇರಿ ಹವಳದ ದಿಬ್ಬದ ಮೀನುಗಳನ್ನು ಮನೆಮನೆಗೆ ತಲುಪಿಸುತ್ತಿದ್ದವು. ಜೊತೆಗೆ ಅವುಗಳ ಮೈಮೇಲಿನದ್ದನ್ನೂ.

ಇದಕ್ಕೂ ಮುಂಚೆ 1961ರಲ್ಲೇ ಎರಡು ಹೊಸ ಆಸೆಗಳು ಹುಟ್ಟಿದ್ದವು. ಮೊದಲನೆಯದು, ದೊಡ್ಡ ಮೀನುಗಳ ಮೈ ತೊಳೆದು ಹೊಟ್ಟೆ ಹೊರೆಯುವ ಪುಟ್ಟ ಮೀನುಗಳ ಬಗ್ಗೆ ಕಾನ್ರಾಡ್ ಲಿಂಬಾ ಬರೆದ ಲೇಖನ. ಅದನ್ನು ನಂಬಿ 'ಕ್ಲೀನರ್ ರಾಸ್' ಕೊಳ್ಳುವವರು ಇಂದೂ ಇದ್ದಾರೆ. ಅದು ಹೊರಗೆ ಅಂಟಿದ ಹುಳುಗಳನ್ನು ಹೆಕ್ಕುತ್ತದೆ ನಿಜ. ಚರ್ಮದೊಳಗಿನ ಬಿಳಿಚುಕ್ಕಿಗೆ ಅದರ ಬಾಯಿ ಹೋಗದು. ಎರಡನೆಯದು, ಜಕಾರ್ತಾದ ಲೀ ಚಿನ್ ಎಂಗ್ ಅವರ ಪದ್ಧತಿ: ಕಡಲಿನಿಂದ ತಂದ ಜೀವಂತ ಕಲ್ಲು, ಹವಳ, ಗಾಳಿಯ ಗುಳ್ಳೆ, ಅಷ್ಟೇ ಸಾಕು, ನೀರು ತಾನೇ ಶುದ್ಧವಾಗಿರುತ್ತದೆ. ಇದು ನಿಜಕ್ಕೂ ಗೆದ್ದಿತು. 1980ರ ದಶಕದ ಹೊತ್ತಿಗೆ ಹವಳದ ಟ್ಯಾಂಕುಗಳೇ ಹವ್ಯಾಸವಾದವು. ಆದರೆ ಮೀನು ಸಹಿಸುವಷ್ಟು ತಾಮ್ರವನ್ನು ಹವಳ, ಸೀಗಡಿ, ಬಸವನಹುಳು ಸಹಿಸವು. ಟ್ಯಾಂಕು ಚೆಂದವಾದಷ್ಟೂ ಔಷಧಿ ದೂರವಾಯಿತು.

ಈ ಗಂಟನ್ನು ಬಿಡಿಸಿದ ಕೈ ಮನೆ ಅಲಂಕಾರದವರದಲ್ಲ, ಮೀನು ಬೇಸಾಯದವರದು. ಕೆಂಪು ಸಮುದ್ರದ ದಡದ ಏಲಾತ್‌ನಲ್ಲಿ ಮೆಡಿಟರೇನಿಯನ್ನಿನ ಸೀಬ್ರೀಮ್ ಮೀನನ್ನು ತಂದು ಸಾಕುತ್ತಿದ್ದರು, ಅವಕ್ಕೂ ಬಿಳಿಚುಕ್ಕಿ ಬಡಿಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಆಂಜೆಲೊ ಕೊಲೋರ್ನಿ 1985 ಮತ್ತು 1987ರ ಬರಹಗಳಲ್ಲಿ ಔಷಧಿಯ ಬದಲು ಆ ಜೀವಿಯ ವೇಳಾಪಟ್ಟಿಯನ್ನೇ ಹಿಡಿದುಕೊಂಡರು. ಉಪ್ಪಿನಂಶವನ್ನು ಆಗಾಗ ಕೆಲವು ತಾಸು ತೀರಾ ಇಳಿಸಿದರೆ ಕವಚದೊಳಗಿನದ್ದು ಸಾಯುತ್ತದೆ, ಮೀನು ತಡೆದುಕೊಳ್ಳುತ್ತದೆ. ಇಲ್ಲವೇ ಮೂರು ದಿನಕ್ಕೊಮ್ಮೆ ಮೀನನ್ನು ಒಣಗಿಸಿಟ್ಟ ಬೇರೆ ಟ್ಯಾಂಕಿಗೆ ದಾಟಿಸುತ್ತಾ ಹೋದರೆ, ಉದುರಿದ ಕವಚಗಳು ಮರಿ ಬಿಡುವ ಮೊದಲೇ ಮೀನು ಮುಂದಿನ ಮನೆ ಸೇರಿರುತ್ತದೆ. ಹರಿಯುವ ಕಡಲು ಮಾಡುವ ಕೆಲಸವನ್ನು ಕೈಯಾರೆ ಮಾಡುವ ಉಪಾಯ ಇದು. ವೆಲ್ವೆಟ್ಟಿಗೆ ಮಾತ್ರ ಉಪ್ಪು ಇಳಿಸುವ ಆಟ ನಡೆಯದು. ಅದು ಅಳಿವೆಯ ಸಪ್ಪೆ ನೀರಿನಲ್ಲೂ ಬಾಳುವ ಜಾತಿ. ಅದಕ್ಕೆ ತಾಮ್ರ, ಅಥವಾ ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್.

1997ರಲ್ಲಿ ಕೊಲೋರ್ನಿ ಮತ್ತು ಪೀಟರ್ ಬರ್ಜೆಸ್ ಅದುವರೆಗಿನ ತಿಳಿವನ್ನೆಲ್ಲ ಒಟ್ಟುಮಾಡಿದರು. ಅದರಲ್ಲೊಂದು ಸಂಖ್ಯೆ ನಮ್ಮ ಕಸುಬಿನವರ ಬಾಯಲ್ಲಿ ನಿಂತುಬಿಟ್ಟಿದೆ: ಕವಚವೊಂದು ಒಡೆಯಲು 3 ದಿನವೂ ಸಾಕು, 72 ದಿನವೂ ಹಿಡಿಯಬಹುದು. ಹಾಗಾಗಿ ಹವಳದ ಟ್ಯಾಂಕಿಗೆ ರೋಗ ಹೊಕ್ಕರೆ ಮೀನುಗಳನ್ನೆಲ್ಲ ಹೊರತೆಗೆದು ಬೇರೆಡೆ ಔಷಧಿ ಮಾಡಬೇಕು. ಟ್ಯಾಂಕನ್ನು ಎರಡೂವರೆ ತಿಂಗಳು ಮೀನಿಲ್ಲದೆ ಓಡಿಸಬೇಕು. ಹುಟ್ಟಿದ ಮರಿಗಳು ಹಸಿದು ಸಾಯಲಿ.

ನಮ್ಮಲ್ಲಿ 2001ರಿಂದ ಗಟ್ಟಿ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ, ಹುಲಿಯ ಸಾಲಿನಲ್ಲಿ. ಹಾಗಾಗಿ ನಾನು ನೋಡಿಕೊಳ್ಳುವ ಟ್ಯಾಂಕುಗಳಲ್ಲಿ ಇರುವುದು ರಾಳದಲ್ಲಿ ಎರಕ ಹೊಯ್ದ ನಕಲಿ ಹವಳ. ಹಾಗಾದರೆ ಅಲ್ಲೇ ತಾಮ್ರ ಹಾಕಬಹುದಲ್ಲ ಎನ್ನುತ್ತಾರೆ. ತಳದಲ್ಲಿ ಸುಣ್ಣದ ಪುಡಿ ಇರುವವರೆಗೆ ಅದು ದುಡ್ಡನ್ನು ನೀರಿಗೆ ಸುರಿದ ಹಾಗೆಯೇ.

ನನ್ನ ಬಾಡಿಗೆ ಕೋಣೆಯಲ್ಲಿ ಮರಳಿಲ್ಲದ, ಕಲ್ಲಿಲ್ಲದ ಬರಿಗಾಜಿನ ಟ್ಯಾಂಕುಗಳಿವೆ. ಒಳಗೆ ಮೀನು ಅಡಗಲು ಪಿವಿಸಿ ಪೈಪಿನ ತುಂಡು, ಸ್ಪಂಜಿನ ಫಿಲ್ಟರು. ಪಕ್ಕದಲ್ಲಿ ತಾಮ್ರ ಅಳೆಯುವ ಕಿಟ್ಟು. ಅಂಗಡಿಯಿಂದ ಬಂದ ಮೀನು ಎಷ್ಟೇ ನಿರೋಗಿಯಾಗಿ ಕಂಡರೂ ಮೊದಲು ಅಲ್ಲಿಗೆ, ವಾರಗಳ ನಂತರ ಗಿರಾಕಿಯ ಮನೆಗೆ. 170ಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಿಂದ ನಾನು ಹೆಕ್ಕಿಕೊಂಡ ಬಂಡವಾಳ ಅಷ್ಟೇ. ಆ ವಾರಗಳ ಖರ್ಚನ್ನು ಮೀನಿನ ಬೆಲೆಗೆ ಸೇರಿಸಿ ಮೊದಲೇ ಹೇಳಿಬಿಡುತ್ತೇನೆ. ದುಬಾರಿ ಎಂದವರಿಗೆ ಗೋಲ್ಡ್‌ಫಿಶ್ ಸಾಕಿ ಎನ್ನುತ್ತೇನೆ. ಅದಕ್ಕೂ ಬಿಳಿಚುಕ್ಕಿ ಬರುತ್ತದೆ, ಬೇರೆ ಜೀವಿಯದು; ನೀರು ಸ್ವಲ್ಪ ಬೆಚ್ಚಗೆ ಮಾಡಿ ಕಲ್ಲುಪ್ಪು ಹಾಕಿದರೆ ಹೆಚ್ಚಾಗಿ ಹೋಗುತ್ತದೆ, ನನ್ನನ್ನು ಕರೆಯಬೇಕಾಗಿಲ್ಲ.