ಮಾಕಿಂಗ್‌ಬರ್ಡ್

ಉತ್ತರ ಅಮೆರಿಕದ ಹಾಡುಹಕ್ಕಿ. ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುವುದರಲ್ಲಿ ನಿಸ್ಸೀಮ. ಮಿಮಿಡೆ ಕುಟುಂಬಕ್ಕೆ ಸೇರಿದೆ. ಶಾಸ್ತ್ರೀಯ ನಾಮ ಮೈಮಸ್ ಪಾಲಿಗ್ಲಾಟಸ್. ದಕ್ಷಿಣ ಕೆನಡದಿಂದ ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳವರೆಗೆ ವಾಸ. ದಟ್ಟ ಕಾಡಿಗಿಂತ ತೋಟ, ಉದ್ಯಾನ, ಬೇಲಿಸಾಲುಗಳೇ ಇದಕ್ಕೆ ಪ್ರಿಯ. ಕೀಟ ಹಾಗೂ ಸಣ್ಣ ಹಣ್ಣುಗಳು ಆಹಾರ.

ನೋಡಲು ತೀರ ಸಾದಾ. ಉದ್ದ 21-28 ಸೆಂಮೀ. ಬೆನ್ನು ಬೂದು, ಹೊಟ್ಟೆ ಮಾಸಲು ಬಿಳಿ, ಬಾಲ ನೀಳ. ಗಂಡು ಹೆಣ್ಣು ಒಂದೇ ತೆರ. ಹಾರಿದಾಗ ಮಾತ್ರ ರೆಕ್ಕೆಯ ಬಿಳಿ ಮಚ್ಚೆಗಳು ಎದ್ದು ಕಾಣುತ್ತವೆ. ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ರೆಕ್ಕೆಗಳನ್ನು ಹಂತಹಂತವಾಗಿ ಬಿಚ್ಚುವುದು ಇದರ ವಿಶಿಷ್ಟ ಅಭ್ಯಾಸ.

ಇದರ ಹಿರಿಮೆಯೆಲ್ಲ ಗಾಯನದಲ್ಲಿದೆ. ಗಂಡು ಜೀವಮಾನದಲ್ಲಿ ಸುಮಾರು 200 ಬಗೆಯ ಹಾಡುಗಳನ್ನು ಕಲಿಯಬಲ್ಲದು. ಒಂದು ಸೊಲ್ಲನ್ನು ಮೂರು, ನಾಲ್ಕು ಬಾರಿ ನುಡಿಸಿ, ಕ್ಷಣ ತಡೆದು, ಮತ್ತೊಂದಕ್ಕೆ ಹೊರಳುತ್ತದೆ. ಈ ಪುನರಾವರ್ತನೆಯೇ ಅದನ್ನು ಗುರುತಿಸಲು ಖಚಿತ ಸುಳಿವು. ಕಪ್ಪೆಯ ವಟಗುಟ್ಟುವಿಕೆ, ಕಾರಿನ ಅಲಾರಂ ಸಹ ಹಾಡಿನಲ್ಲಿ ಸೇರಿಕೊಳ್ಳುವುದುಂಟು. ಜೋಡಿ ಸಿಗದ ಗಂಡುಗಳು ಬೆಳದಿಂಗಳಲ್ಲಿ ರಾತ್ರಿಯಿಡೀ ಹಾಡುತ್ತವೆ. ಗೂಡಿನ ಬಳಿ ಸುಳಿದ ಬೆಕ್ಕು, ಗಿಡುಗಗಳ ಮೇಲೆ ಎಗರಿಬೀಳುವ ಈ ಹಕ್ಕಿ, ಪದೇಪದೇ ಗೂಡಿಗೆ ಬರುವ ಮನುಷ್ಯನನ್ನೂ ಗುರುತಿಟ್ಟುಕೊಂಡು ಅಟ್ಟುತ್ತದೆ.

ಇದರ ಗಲಪಗೋಸ್ ಬಂಧುಗಳು ವಿಜ್ಞಾನಕ್ಕೆ ಮಾಡಿದ ಉಪಕಾರ ದೊಡ್ಡದು. 1835ರಲ್ಲಿ ಆ ಹಕ್ಕಿಗಳು ದ್ವೀಪದಿಂದ ದ್ವೀಪಕ್ಕೆ ಭಿನ್ನವಾಗಿರುವುದನ್ನು ಚಾರ್ಲ್ಸ್ ಡಾರ್ವಿನ್ ಗಮನಿಸಿದ. ಜೀವಿಪ್ರಭೇದಗಳು ಬದಲಾಗಬಲ್ಲವೆಂಬ ಅವನ ಚಿಂತನೆಗೆ ಅದು ಇಂಬಾಯಿತು.

ಟೆಕ್ಸಾಸ್, ಫ್ಲಾರಿಡ, ಟೆನೆಸಿ, ಅರ್ಕಾನ್ಸಾ, ಮಿಸಿಸಿಪಿ ರಾಜ್ಯಗಳ ರಾಜ್ಯಪಕ್ಷಿ. ಭಾರತದಲ್ಲಿ ಈ ಕುಟುಂಬದ ಹಕ್ಕಿಗಳಿಲ್ಲ. ಅನುಕರಣೆಗೆ ಹೆಸರಾದ ಮಲೆನಾಡಿನ ಭೀಮರಾಜ ಕಾಜಾಣದ ಕುಟುಂಬಕ್ಕೆ ಸೇರಿದ್ದು.