ಉದ್ಯಾನ ರೈಲ್ವೆ: ಮಾದರಿಗಳ ನಿರ್ಮಾಣ ಮತ್ತು ವರ್ಣಲೇಪನದ ಇತಿಹಾಸ

ಮನೆಯ ತೋಟದಲ್ಲಿ, ಗಿಡಗಂಟಿಗಳ ನಡುವೆ, ತೆರೆದ ಆಕಾಶದ ಕೆಳಗೆ ಹಾಸಿದ ಕಿರುಹಳಿಗಳ ಮೇಲೆ ಓಡುವ ಮಾದರಿ ರೈಲುಗಳ ವ್ಯವಸ್ಥೆಯನ್ನು ಉದ್ಯಾನ ರೈಲ್ವೆಯೆಂದು ಕರೆಯುತ್ತಾರೆ. ಕೊಠಡಿಯೊಳಗಿನ ಮೇಜಿನ ಮೇಲೆ ಓಡುವ ಚಿಕ್ಕ ರೈಲು ಎಂದೂ ಕಾಣದ ಬಿಸಿಲು, ಮಳೆ, ಹಿಮ, ಧೂಳು, ಉದುರಿದ ಎಲೆ ಇವೆಲ್ಲವೂ ಇಲ್ಲಿ ಮಾದರಿಯ ನಿತ್ಯದ ಸಂಗಾತಿಗಳಾದುದರಿಂದ, ಅದನ್ನು ಕಟ್ಟುವವನು ಲೋಹ, ಮರ, ಪ್ಲಾಸ್ಟಿಕ್ಕುಗಳ ಗುಣದೋಷಗಳನ್ನೂ ಬಣ್ಣದ ಬಾಳಿಕೆಯನ್ನೂ ಬಲ್ಲವನಾಗಿರಬೇಕಾಗುತ್ತದೆ. ಹವೆಗೆ ಒಡ್ಡಿದ ಸೂಕ್ಷ್ಮ ವಸ್ತುವೊಂದನ್ನು ಕೆಡದಂತೆ ಉಳಿಸಿಕೊಳ್ಳುವ ಬಗೆ ಯಾವುದು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳ ಚರಿತ್ರೆಯೆಂದೇ ಈ ಕಲೆಯ ಚರಿತ್ರೆಯನ್ನು ಓದುವುದು ಯುಕ್ತ.

ತೋಟದಲ್ಲಿ ರೈಲು ಓಡಿಸುವ ಆಸೆ ಮೊದಲು ಚಿಗುರಿದ್ದು ಅರಮನೆಗಳಲ್ಲಿ ಮತ್ತು ಶ್ರೀಮಂತರ ಜಹಗೀರುಗಳಲ್ಲಿ. ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಮಗನ ವಿನೋದಾರ್ಥವಾಗಿ ಪ್ಯಾರಿಸಿನ ಸಮೀಪದ ಸೇಂಟ್ ಕ್ಲೌಡ್ ಅರಮನೆಯ ಉದ್ಯಾನದಲ್ಲಿ 1859ರ ಸುಮಾರಿಗೆ ಒಂದು ಮಾದರಿ ರೈಲುಮಾರ್ಗವನ್ನು ಹಾಸಲಾಗಿತ್ತು. ಇಂಗ್ಲೆಂಡಿನ ಡರ್ಬಿಷೈರಿನಲ್ಲಿ ಸರ್ ಆರ್ಥರ್ ಹೇವುಡ್ ಎಂಬಾತ 1870ರ ದಶಕದಲ್ಲಿ ತನ್ನ ಡಫೀಲ್ಡ್ ಬ್ಯಾಂಕ್ ನಿವಾಸದ ಆವರಣದಲ್ಲಿ 15 ಅಂಗುಲ ಅಗಲದ ಹಳಿ ಹಾಸಿ, ಮನುಷ್ಯರನ್ನೂ ಸರಕನ್ನೂ ಹೊರಬಲ್ಲ ಅತ್ಯಂತ ಕಿರಿಯ ರೈಲು ಎಷ್ಟು ಕಿರಿದಾಗಿರಬಹುದೆಂಬುದನ್ನು ಪ್ರಯೋಗಮುಖೇನ ಶೋಧಿಸಿದನು. ಈ ಶಾಖೆಯು ಮುಂದೆ 1927ರಲ್ಲಿ ಆರಂಭವಾದ ರಾಮ್ನಿ, ಹೈತ್ ಮತ್ತು ಡಿಮ್‌ಚರ್ಚ್ ರೈಲ್ವೆಯಂತಹ ಸಾರ್ವಜನಿಕ ಕಿರುರೈಲುಗಳ ಕಡೆಗೆ ಹೊರಳಿತು. ಅದರ ವಿಚಾರ ಬೇರೆಯೇ ಒಂದು ಲೇಖನಕ್ಕೆ ಸೇರಿದುದು.

ಮಾದರಿ ರೈಲುಗಳಿಗೆ ಒಂದು ಅಳತೆಯ ಶಿಸ್ತನ್ನು ತಂದ ಕೀರ್ತಿ ಜರ್ಮನಿಯ ಗೊಪ್ಪಿಂಗೆನ್ ಊರಿನ ಮಾರ್ಕ್ಲಿನ್ ಸಂಸ್ಥೆಗೆ ಸಲ್ಲುತ್ತದೆ. 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಆ ಸಂಸ್ಥೆಯು ಕೀಲಿ ಕೊಟ್ಟು ಓಡಿಸುವ ತಗಡಿನ ರೈಲುಗಳನ್ನು, ಒಂದಕ್ಕೊಂದು ಜೋಡಿಸಬಹುದಾದ ಹಳಿಗಳನ್ನು ಮತ್ತು ಸಂಖ್ಯಾಕ್ರಮದಲ್ಲಿ ಹೆಸರಿಟ್ಟ ಹಳಿಯ ಅಗಲಗಳನ್ನು ಜನರ ಮುಂದಿರಿಸಿತು. ಅವುಗಳಲ್ಲಿ ಒಂದನೆಯ ಗೇಜ್, ಅಂದರೆ ಹಳಿಗಳ ನಡುವೆ 45 ಮಿಲಿಮೀಟರ್ ಅಂತರವುಳ್ಳದ್ದು, ಇಂದಿಗೂ ಉದ್ಯಾನ ರೈಲ್ವೆಯ ಮೂಲಾಧಾರವಾಗಿ ಉಳಿದುಬಂದಿದೆ. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನಲ್ಲಿ ವ್ಯಾಪಾರ ನಡೆಸುತ್ತಿದ್ದ ಡಬ್ಲ್ಯು. ಜೆ. ಬ್ಯಾಸೆಟ್-ಲೋಕ್ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜರ್ಮನ್ ಕುಶಲಕರ್ಮಿಗಳ ಕೆಲಸವನ್ನು ಕಂಡು, ನ್ಯೂರೆಂಬರ್ಗಿನ ಬಿಂಗ್ ಸಂಸ್ಥೆಯೊಡನೆ ಸಂಬಂಧ ಬೆಳೆಸಿದನು. ಹೆನ್ರಿ ಗ್ರೀನ್ಲಿ ಎಂಬ ನುರಿತ ವಿನ್ಯಾಸಕಾರನ ನಕ್ಷೆಗಳು ಇಂಗ್ಲೆಂಡಿನಲ್ಲಿ, ತಗಡನ್ನು ಬಗ್ಗಿಸಿ ಬೆಸೆಯುವ ಕೆಲಸ ಜರ್ಮನಿಯಲ್ಲಿ, ಮಾರಾಟ ಮತ್ತೆ ಇಂಗ್ಲೆಂಡಿನಲ್ಲಿ, ಹೀಗೆ ಎರಡು ದೇಶಗಳ ಸಹಕಾರದಿಂದ ಬ್ರಿಟಿಷ್ ಇಂಜಿನ್ನುಗಳ ಯಥಾರೂಪಕ್ಕೆ ಸಮೀಪವಾದ ಮಾದರಿಗಳು ಹುಟ್ಟಿದವು. ಅದುವರೆಗಿನ ಆಟಿಕೆಗೆ ಯಾವ ದೇಶದ ಯಾವ ರೈಲೆಂಬ ಗುರುತೇ ಇರಲಿಲ್ಲ. ಇದೀಗ ಅದು ನಿರ್ದಿಷ್ಟವಾದ ಒಂದು ಕಂಪನಿಯ, ನಿರ್ದಿಷ್ಟವಾದ ಒಂದು ಇಂಜಿನ್ನಿನ ಪ್ರತಿಕೃತಿಯಾಯಿತು. ನನ್ನ ಅಭಿಪ್ರಾಯದಲ್ಲಿ ಮಾದರಿ ರೈಲಿನ ಕಲೆ ನಿಜವಾಗಿ ಆರಂಭವಾದುದು ಇಲ್ಲಿಯೇ.

ಈ ನಿರ್ದಿಷ್ಟತೆಯನ್ನು ಹೊತ್ತುದು ಮುಖ್ಯವಾಗಿ ಬಣ್ಣ. ಅಂದಿನ ಬ್ರಿಟನ್ನಿನಲ್ಲಿ ನೂರಕ್ಕೂ ಮಿಕ್ಕ ರೈಲ್ವೆ ಕಂಪನಿಗಳಿದ್ದು, ಒಂದೊಂದಕ್ಕೂ ತನ್ನದೇ ಆದ ಬಣ್ಣವೂ, ಅಂಚುಗೆರೆಗಳೂ, ಲಾಂಛನವೂ ಇದ್ದುವು. ಪ್ರಯಾಣಿಕನು ಇಂಜಿನ್ನಿನ ಮೈಬಣ್ಣ ನೋಡಿಯೇ ಅದು ಯಾರ ಗಾಡಿಯೆಂದು ಹೇಳಬಲ್ಲವನಾಗಿದ್ದನು. ಮಾದರಿಗಳ ಮೇಲೆ ಈ ಅಲಂಕಾರವನ್ನು ತರಲು ಎರಡು ಮಾರ್ಗಗಳಿದ್ದುವು: ಎನಾಮಲ್ ಬಣ್ಣವನ್ನು ಕೈಯಿಂದ ಬಳಿದು ಒಲೆಯಲ್ಲಿ ಕಾಯಿಸುವುದು ಒಂದು, ಚಪ್ಪಟೆಯಾದ ತಗಡಿನ ಮೇಲೆ ಕಲ್ಲಚ್ಚಿನ ವಿಧಾನದಿಂದ ಗೆರೆ, ಅಕ್ಷರ, ಕಿಟಕಿಗಳನ್ನೆಲ್ಲ ಮುದ್ರಿಸಿ ಅನಂತರ ಕತ್ತರಿಸಿ ಮಡಚುವುದು ಇನ್ನೊಂದು. ಮೊದಲನೆಯದು ದುಬಾರಿ, ಎರಡನೆಯದು ಸುಲಭಬೆಲೆಯದು. 1923ರಲ್ಲಿ ಆ ಕಂಪನಿಗಳಲ್ಲಿ ಬಹುತೇಕ ಎಲ್ಲವೂ ನಾಲ್ಕು ದೊಡ್ಡ ಸಂಸ್ಥೆಗಳಲ್ಲಿ ವಿಲೀನವಾಗಲು ನಿಜವಾದ ಇಂಜಿನ್ನುಗಳು ಹೊಸ ಬಣ್ಣ ತೊಟ್ಟವು. ಅವುಗಳ ಪ್ರತಿಕೃತಿಗಳೂ ಅಂಗಡಿಯಲ್ಲಿ ಹೊಸ ಬಣ್ಣದಲ್ಲಿ ಕಾಣಿಸಿಕೊಂಡವು. 1948ರ ರಾಷ್ಟ್ರೀಕರಣದಲ್ಲಿ ಈ ಕಥೆ ಮತ್ತೊಮ್ಮೆ ನಡೆಯಿತು. ಇದ್ದ ಮಾದರಿಯ ಬಣ್ಣ ತೆಗೆದು ಹೊಸದು ಬಳಿಯುವ ವಿದ್ಯೆಗೆ ಹವೆಯ ಹಾವಳಿಯಂತೆಯೇ ರೈಲ್ವೆಗಳ ಆಡಳಿತದ ಇತಿಹಾಸವೂ ಕಾರಣವಾಯಿತೆಂಬುದನ್ನು ಇಲ್ಲಿ ಗಮನಿಸಬೇಕು.

ಮೊದಲನೆಯ ಮಹಾಯುದ್ಧದ ಬಳಿಕ ಮನೆಗಳೂ ತೋಟಗಳೂ ಕಿರಿದಾಗುತ್ತ ಬಂದುವು. ಗ್ರಾಹಕರು ಒಂದನೆಯ ಗೇಜನ್ನು ತೊರೆದು 32 ಮಿಲಿಮೀಟರಿನ ಸೊನ್ನೆ ಗೇಜಿಗೂ, ಆಮೇಲೆ ಅದಕ್ಕಿಂತ ಕಿರಿದಾದುದಕ್ಕೂ ಹೊರಟುಹೋದರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ತೋಟದ ರೈಲು ಕೆಲವೇ ಹಠವಾದಿ ಹವ್ಯಾಸಿಗಳ ಸ್ವತ್ತಾಗಿತ್ತು.

ಇದಕ್ಕೆ ಪುನರ್ಜನ್ಮ ದೊರೆತದ್ದು 1968ರಲ್ಲಿ. 1881ರಲ್ಲಿ ಬ್ರಾಂಡೆನ್‌ಬರ್ಗಿನಲ್ಲಿ ಎರ್ನ್ಸ್ಟ್ ಪಾಲ್ ಲೇಮನ್ ಸ್ಥಾಪಿಸಿದ್ದ ಆಟಿಕೆಯ ಕಾರ್ಖಾನೆಯು ಯುದ್ಧಾನಂತರ ನ್ಯೂರೆಂಬರ್ಗಿನಲ್ಲಿ ಹೊಸದಾಗಿ ನೆಲೆಯೂರಿತ್ತು. ಅದನ್ನು ನಡೆಸುತ್ತಿದ್ದ ಎಬರ್‌ಹಾರ್ಡ್ ಮತ್ತು ವೋಲ್ಫ್‌ಗ್ಯಾಂಗ್ ರಿಕ್ಟರ್ ಸಹೋದರರು ಆ ವರ್ಷದ ಆಟಿಕೆ ಮೇಳದಲ್ಲಿ ಎಲ್‌ಜಿಬಿ ಎಂಬ ದೊಡ್ಡ ರೈಲನ್ನು ಪರಿಚಯಿಸಿದರು. ಕಾಲವೆಲ್ಲ ಕಿರಿದರ ಕಡೆಗೆ ಓಡುತ್ತಿದ್ದಾಗ ಹಿರಿದರ ಕಡೆಗೆ ಹೊರಳಿದ ಇವರ ಧೈರ್ಯ ಮೆಚ್ಚತಕ್ಕದ್ದು. ಹಳಿ ಘನವಾದ ಹಿತ್ತಾಳೆಯದು; ಸ್ಲೀಪರುಗಳೂ ಗಾಡಿಯ ಮೈಯೂ ಬಿಸಿಲಿನ ಅತಿನೇರಳೆ ಕಿರಣವನ್ನು ತಾಳಬಲ್ಲ ಗಟ್ಟಿ ಪ್ಲಾಸ್ಟಿಕ್ಕಿನವು; ಮೋಟಾರು ಮತ್ತು ಗೇರುಗಳು ಧೂಳು ಹೊಗದಂತೆ ಮುಚ್ಚಿದ ಪೆಟ್ಟಿಗೆಯೊಳಗಿನವು. ಮಳೆ ಬಂದಿತೆಂದು ಓಡಿಹೋಗಿ ಹಳಿ ಕೀಳಬೇಕಾದ ಕಷ್ಟ ಅಲ್ಲಿಗೆ ತಪ್ಪಿತು. ಮೊದಲ ಇಂಜಿನ್ನಿಗೆ ಆದರ್ಶವಾದುದು ಆಸ್ಟ್ರಿಯದ ಸ್ಟೈರಿಯಾ ಪ್ರಾಂತದಲ್ಲಿ ಓಡುತ್ತಿದ್ದ, 1892ರಲ್ಲಿ ಕ್ರೌಸ್ ಸಂಸ್ಥೆ ಕಟ್ಟಿದ ಸ್ಟೈನ್ಸ್ ಎಂಬ ಪುಟ್ಟ ಉಗಿಇಂಜಿನ್ನು. ಲೇಮನ್ ಸಂಸ್ಥೆ 2006ರಲ್ಲಿ ದಿವಾಳಿಯಾಗಿ, ಮರುವರ್ಷ ಮಾರ್ಕ್ಲಿನ್ ಅದನ್ನು ಕೊಂಡುಕೊಂಡಿತು. ಒಂದನೆಯ ಗೇಜನ್ನು ಹುಟ್ಟುಹಾಕಿದ ಮನೆಗೇ ಅದರ ಅತ್ಯಂತ ಜನಪ್ರಿಯ ಸಂತತಿ ಸೇರಿದಂತಾಯಿತು.

ಅಳತೆಯ ವಿಷಯದಲ್ಲಿ ಈ ಕ್ಷೇತ್ರ ಅಭ್ಯಾಸಿಯನ್ನು ಬಹಳ ಗೊಂದಲಗೊಳಿಸುತ್ತದೆ. ಹಳಿ ಒಂದೇ, 45 ಮಿಲಿಮೀಟರಿನದು. ಆದರೆ ಅದರ ಮೇಲೆ ಓಡುವ ಮಾದರಿಗಳು ಹಲವು ಪ್ರಮಾಣದವು. 1:32ರ ಪ್ರಮಾಣದಲ್ಲಿ ಆ ಹಳಿ ಯುರೋಪಿನ 1435 ಮಿಲಿಮೀಟರಿನ ಸಾಮಾನ್ಯ ಗೇಜನ್ನೂ, 1:22.5ರಲ್ಲಿ ಮೀಟರ್ ಗೇಜನ್ನೂ, 1:20.3ರಲ್ಲಿ ಅಮೆರಿಕದ ಮೂರು ಅಡಿಯ ಗೇಜನ್ನೂ ಪ್ರತಿನಿಧಿಸುತ್ತದೆ. ನಮ್ಮ ಓದುಗರಿಗೆ ಇದನ್ನು ಹೀಗೆ ತಿಳಿಸಬಹುದು: ಬೆಂಗಳೂರು ಮೈಸೂರುಗಳ ನಡುವೆ ಹತ್ತೊಂಬತ್ತನೆಯ ಶತಮಾನದಲ್ಲಿ ಹಾಸಲ್ಪಟ್ಟು ಬಹುಕಾಲ ಉಳಿದಿದ್ದುದು ಮೀಟರ್ ಗೇಜ್ ಹಳಿ, 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಕಾಣುವ ಮೀಟರ್ ಗೇಜಿನ ಇಂಜಿನ್ನೊಂದನ್ನು 1:22.5ರ ಪ್ರಮಾಣಕ್ಕೆ ಇಳಿಸಿದರೆ ಅದರ ಹಳಿಯಗಲ 44.4 ಮಿಲಿಮೀಟರಾಗಿ, ಎಲ್‌ಜಿಬಿ ಹಳಿಯ ಮೇಲೆ ನ್ಯಾಯವಾಗಿ ನಿಲ್ಲುತ್ತದೆ. ಆ ನ್ಯಾಯ ಎಲ್‌ಜಿಬಿಯ ಚೊಚ್ಚಲ ಇಂಜಿನ್ನಿಗೇ ಸಲ್ಲದು. ಸ್ಟೈನ್ಸ್ ನಿಜಜೀವನದಲ್ಲಿ ಓಡಿದ್ದು 760 ಮಿಲಿಮೀಟರಿನ ಹಳಿಯ ಮೇಲೆ. ಕಾರ್ಖಾನೆ ಅದನ್ನು ಮೀಟರ್ ಗೇಜಿನ ಹಳಿಗೆ ಏರಿಸಿಬಿಟ್ಟಿತು. ಅಮೆರಿಕದ ಕೆಲವು ತಯಾರಕರು ಸಾಮಾನ್ಯ ಗೇಜಿನ ಗಾಡಿಗಳನ್ನು 1:29ರ ಪ್ರಮಾಣದಲ್ಲಿ ಮಾಡಿ, ನೋಟದ ಗಾಂಭೀರ್ಯಕ್ಕಾಗಿ ಲೆಕ್ಕವನ್ನು ಬಿಟ್ಟುಕೊಟ್ಟರು. ಶುದ್ಧಿವಾದಿಗಳು ಇದನ್ನು ಒಪ್ಪುವುದಿಲ್ಲ. ಅವರ ಆಕ್ಷೇಪಣೆ ಗಣಿತದ ದೃಷ್ಟಿಯಿಂದ ಸರಿಯೇ ಆದರೂ, ಹೂಗಿಡಗಳ ನಡುವೆ ಇಪ್ಪತ್ತು ಅಡಿ ದೂರದಿಂದ ನೋಡುವವನ ಕಣ್ಣಿಗೆ ಪ್ರಮಾಣಕ್ಕಿಂತ ರೂಪದ ಸಾಮರಸ್ಯವೇ ಮುಖ್ಯವೆಂದು ಹೇಳಬೇಕಾಗುತ್ತದೆ.

ಅಮೆರಿಕದಲ್ಲಿ ಈ ಹವ್ಯಾಸ ಹರಡಿದ್ದು 1980ರ ದಶಕದಲ್ಲಿ. 1984ರಲ್ಲಿ ಡೆನ್ವರಿನಿಂದ ಮಾರ್ಕ್ ಹೊರೊವಿಟ್ಜ್ ಹೊರಡಿಸಿದ ‘ಗಾರ್ಡನ್ ರೈಲ್ವೇಸ್’ ಪತ್ರಿಕೆ 2020ರವರೆಗೆ ನಡೆಯಿತು. ಆ ದಶಕದ ಕೊನೆಗೆ ಬ್ಯಾಕ್‌ಮನ್ ಸಂಸ್ಥೆಯ ಅಗ್ಗದ ಇಂಜಿನ್ನುಗಳು ಸಾಮಾನ್ಯ ಸಂಬಳದವನಿಗೂ ಎಟುಕಿದವು. ಒಂದು ಕಾರ್ಖಾನೆಯ ಇಂಜಿನ್ನನ್ನು ಕತ್ತರಿಸಿ, ಇನ್ನೊಂದರ ಕ್ಯಾಬನ್ನು ಕೂಡಿಸಿ, ಮೂರನೆಯದಾದ ಬಣ್ಣ ಬಳಿದು, ಯಾವ ಅಂಗಡಿಯಲ್ಲಿಯೂ ಸಿಗದ ಇಂಜಿನ್ನೊಂದನ್ನು ನಿರ್ಮಿಸುವ ಪದ್ಧತಿಗೆ ಈ ಅಗ್ಗದ ಮಾದರಿಗಳೇ ನೆರವಾದವು. ದುಬಾರಿಯಾದುದಕ್ಕೆ ಗರಗಸ ಹಚ್ಚಲು ಯಾರ ಕೈಯೂ ಏಳುವುದಿಲ್ಲ.

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ನಿಜವಾದ ಉಗಿಯಿಂದ ಓಡುವ ಮಾದರಿಯ ಮೇಲಿನ ಪ್ರೀತಿ ಎಂದೂ ಬತ್ತಲಿಲ್ಲ. 1898ರಲ್ಲಿ ಪರ್ಸಿವಲ್ ಮಾರ್ಷಲ್ ಆರಂಭಿಸಿದ ‘ಮಾಡೆಲ್ ಇಂಜಿನಿಯರ್’ ಪತ್ರಿಕೆಯಲ್ಲಿ ಎಲ್‌ಬಿಎಸ್‌ಸಿ ಎಂಬ ಅಂಕಿತದಿಂದ ಬರೆಯುತ್ತಿದ್ದ ಲೇಖಕನು, ಕಿರಿಯ ಇಂಜಿನ್ನೂ ದೊಡ್ಡದರಂತೆ ಕಲ್ಲಿದ್ದಲು ಉರಿಸಿ ಮನುಷ್ಯನನ್ನು ಎಳೆಯಬಲ್ಲದೆಂದು 1920ರ ದಶಕದಲ್ಲಿಯೇ ವಾದಿಸಿ, ಮಾಡಿ ತೋರಿಸಿದ್ದನು. 1980ರ ಸುಮಾರಿಗೆ ಮಾಮೊಡ್ ಸಂಸ್ಥೆ ಬೆಲೆ ಕಡಮೆಯ ಪುಟ್ಟ ಉಗಿಇಂಜಿನ್ನನ್ನು ಮಾರಾಟಕ್ಕೆ ತಂದಿತು. ಅದರ ಓಟ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಅದನ್ನು ಸುಧಾರಿಸಹೊರಟ ಹವ್ಯಾಸಿಗಳೇ ಬಾಯ್ಲರು, ಕವಾಟ, ಬರ್ನರುಗಳ ವಿದ್ಯೆಯನ್ನು ಕಲಿತರು. ಅನಂತರ ಬಂದ ರೌಂಡ್‌ಹೌಸ್ ಮೊದಲಾದ ಕಾರ್ಖಾನೆಗಳು ತಾಮ್ರದ ಬಾಯ್ಲರು, ಬ್ಯೂಟೇನ್ ಅನಿಲದ ಒಲೆ, ರೇಡಿಯೋ ನಿಯಂತ್ರಣಗಳಿಂದ ಈ ಇಂಜಿನ್ನುಗಳನ್ನು ವಿಶ್ವಾಸಾರ್ಹವಾಗಿಸಿದವು. ಇವು ಅಡಿಗೆ 16 ಮಿಲಿಮೀಟರಿನ ಪ್ರಮಾಣದವು. 32 ಮಿಲಿಮೀಟರಿನ ಹಳಿಯ ಮೇಲೆ ಎರಡಡಿಯ ಗೇಜನ್ನು ತೋರಿಸುತ್ತವೆ. 1881ರಲ್ಲಿ ಪೂರ್ಣಗೊಂಡ ನಮ್ಮ ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆಯ ಗೇಜೂ ಅದೇ ಆದುದರಿಂದ, ಅಲ್ಲಿಯ ಬಿ ವರ್ಗದ ಇಂಜಿನ್ನಿನ ಉಗಿಮಾದರಿಯು ಇಂಗ್ಲೆಂಡಿನ ತೋಟಗಳಲ್ಲಿ ನಿಜಬೆಟ್ಟದ ಗಾಂಭೀರ್ಯದಿಂದಲೇ ಓಡುತ್ತಿರುವುದುಂಟು.

ನಿರ್ಮಾಣದ ಸಾಮಗ್ರಿ ಕಾಲಕ್ರಮದಲ್ಲಿ ತಗಡಿನಿಂದ ಹಿತ್ತಾಳೆಗೂ, ಮರಕ್ಕೂ, ಪ್ಲಾಸ್ಟಿಕ್ ಹಾಳೆಗೂ ಬಂದು, ಈಗ ಕಂಪ್ಯೂಟರಿನ ನಕ್ಷೆಯಿಂದ ಪದರಪದರವಾಗಿ ಮುದ್ರಿಸಿದ ಭಾಗಗಳವರೆಗೆ ನಡೆದುಬಂದಿದೆ. ಬೆಸುಗೆಯಾಗಲಿ ಅಂಟಾಗಲಿ, ಹೊರಗಿನ ಮಾದರಿಗೆ ನೀರು ನಿಲ್ಲದಂತಹ ಕೀಲು ಬೇಕು. ಮರವಾದರೆ ಕತ್ತರಿಸಿದ ತುದಿಗಳನ್ನೂ ಒಳಮೈಯನ್ನೂ ಸೇರಿಸಿ ಎಲ್ಲ ಕಡೆಗೂ ಬಣ್ಣ ಕುಡಿಸಬೇಕು.

ವರ್ಣಲೇಪನದ ವಿಚಾರವನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಕಾರ್ಖಾನೆಯ ವಸ್ತು ಕಟ್ಟುವವನ ಸ್ವಂತದ್ದಾಗುವುದು ಇಲ್ಲಿಯೇ. ಎಲ್‌ಜಿಬಿಯ ಗಾಡಿಗಳಲ್ಲಿ ಬಹುಭಾಗಕ್ಕೆ ಬಣ್ಣ ಬಳಿದಿರುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿಯೇ ಬಣ್ಣ ಬೆರೆಸಿ ಅಚ್ಚು ಹೊಯ್ದಿರುತ್ತಾರೆ. ಗೀರಿದರೂ ಬಿಳಿ ಕಾಣದಿರುವುದು ಇದರ ಗುಣ. ಎಲ್ಲ ಭಾಗಗಳೂ ಒಂದೇ ಹೊಳಪಿನಿಂದ ಆಟಿಕೆಯಂತೆ ಮಿನುಗುವುದು ಇದರ ದೋಷ. ಆ ಹೊಳಪನ್ನು ಅಡಗಿಸಿ, ಮರ ಮರದಂತೆಯೂ ಕಬ್ಬಿಣ ಕಬ್ಬಿಣದಂತೆಯೂ ಕಾಣಿಸಬೇಕೆಂಬ ಹಂಬಲದಿಂದ ಹವ್ಯಾಸಿಗಳು ಕುಂಚ ಹಿಡಿದರು. ಗಾಡಿಯನ್ನು ಬಿಚ್ಚಿ, ಅಚ್ಚಿನ ಜಿಡ್ಡು ಹೋಗುವಂತೆ ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸುವುದು ಮೊದಲ ಕೆಲಸ. ಇದನ್ನು ಅವಸರದಲ್ಲಿ ಬಿಟ್ಟವನ ಬಣ್ಣ ಮೊದಲ ಬೇಸಗೆಯಲ್ಲಿಯೇ ಹೊಪ್ಪಳೆಯೇಳುತ್ತದೆ. ಅಚ್ಚೊತ್ತಿದ ಅಕ್ಷರಗಳನ್ನೋ ಹಳೆಯ ಬಣ್ಣವನ್ನೋ ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಸಾಮಾನ್ಯವಾಗಿ ಸಾಕಾಗುತ್ತದೆ. ಅಸಿಟೋನ್ ಕೂಡದು, ಅದು ಈ ಪ್ಲಾಸ್ಟಿಕ್ಕನ್ನೇ ಕರಗಿಸಿಬಿಡುತ್ತದೆ. ಹಿತ್ತಾಳೆಯ ಮಾದರಿಗಾದರೋ ಲೋಹವನ್ನು ತುಸು ಕಚ್ಚಿಹಿಡಿಯುವ ಆಮ್ಲಯುಕ್ತ ಪ್ರೈಮರ್ ಬೇಕು. ಅನಂತರದ ಬಣ್ಣವನ್ನು ಒಂದೇ ಸಲ ದಪ್ಪವಾಗಿ ಬಳಿಯದೆ, ತೆಳುವಾದ ಹಲವು ಲೇಪಗಳಾಗಿ ಸಿಂಪಡಿಸಿ, ನಡುನಡುವೆ ನಯವಾದ ಉಪ್ಪುಕಾಗದ ಆಡಿಸಿದರೆ ರಿವೆಟ್ಟುಗಳ ತಲೆಗಳು ಬಣ್ಣದಡಿ ಹುದುಗಿಹೋಗದೆ ಉಳಿಯುತ್ತವೆ. ತಿಳಿಬಣ್ಣ ಮೊದಲು, ಗಾಢವಾದುದು ಆಮೇಲೆ. ತೇವದ ಗಾಳಿಯ ದಿನ ಸಿಂಪಡಿಸಿದ ಲ್ಯಾಕರ್ ಬಿಳುಚಿಕೊಳ್ಳುವುದರಿಂದ ಒಣದಿನಕ್ಕಾಗಿ ಕಾಯುವ ತಾಳ್ಮೆಯೂ ಈ ವಿದ್ಯೆಯ ಒಂದು ಅಂಗ.

ಅಂಚುಗೆರೆ ಎಳೆಯುವುದಕ್ಕೆ ಎರಡು ಉಕ್ಕಿನ ತುಟಿಗಳ ನಡುವೆ ಬಣ್ಣ ಹಿಡಿದಿಟ್ಟುಕೊಳ್ಳುವ, ನಕ್ಷೆಗಾರರ ಹಳೆಯ ಲೇಖನಿಯೇ ಇಂದಿಗೂ ಶ್ರೇಷ್ಠವೆಂದು ಬಲ್ಲವರು ಹೇಳುತ್ತಾರೆ. ಕೂದಲೆಳೆಯಷ್ಟು ಸಣ್ಣ ಗೆರೆಯನ್ನು ಬಾಯ್ಲರಿನ ಬಾಗಿದ ಮೈಮೇಲೆ ಮುರಿಯದೆ ಸುತ್ತಿಸುವ ಕೈಚಳಕವನ್ನು ಕಂಡಾಗ ಗೌರವವುಂಟಾಗದಿರದು. ಅಕ್ಷರಗಳನ್ನು ನೀರಿನಲ್ಲಿ ನೆನೆಸಿ ಜಾರಿಸುವ ತೆಳುಹಾಳೆಗಳಿಂದ ಹಚ್ಚಿ, ಮೇಲೆ ಅತಿನೇರಳೆ ಕಿರಣವನ್ನು ತಡೆಯುವ ವಾರ್ನಿಷ್ ಕೊಡುತ್ತಾರೆ. ಉಗಿಯ ಇಂಜಿನ್ನಿನಲ್ಲಿ ತೊಂದರೆಗಳು ಇನ್ನೂ ಹೆಚ್ಚು: ಹೊಗೆಪೆಟ್ಟಿಗೆಗೆ ಕಾವು ತಾಳುವ ಕಪ್ಪು ಬಣ್ಣವೇ ಬೇಕು, ಚಿಮ್ಮುವ ಬಿಸಿ ಎಣ್ಣೆಗೂ ಚೆಲ್ಲಿದ ಸ್ಪಿರಿಟ್ಟಿಗೂ ಉಳಿದ ಮೈಯ ಬಣ್ಣ ಜಗ್ಗಬಾರದು. ಕೊನೆಯಲ್ಲಿ ಬರುವುದು ಹಳಮೆಯ ಲೇಪ. ತೊಟ್ಟಿಯ ಕೆಳಗೆ ಬ್ರೇಕಿನ ಕಂದು ಧೂಳು, ಸುರಕ್ಷಾಕವಾಟದ ಸುತ್ತ ಸುಣ್ಣದ ಬಿಳಿಯ ಗೀರು, ಕಲ್ಲಿದ್ದಲಿನ ಬಳಿ ಮಸಿ, ಇವುಗಳನ್ನು ನಿಜವಾದ ಇಂಜಿನ್ನನ್ನು ನೋಡಿ ನೋಡಿ ಕಲಿತು ಇರಿಸಬೇಕೇ ಹೊರತು ಮನಸ್ಸಿಗೆ ಬಂದಲ್ಲಿ ಕೊಳೆ ಎರಚುವುದು ಸಲ್ಲದು.

ಪುನರ್ಲೇಪನಕ್ಕೆ ಒಂದು ಮಿತಿಯುಂಟು. ಮಾರ್ಕ್ಲಿನ್, ಬಿಂಗ್, ಬ್ಯಾಸೆಟ್-ಲೋಕ್ ಸಂಸ್ಥೆಗಳ ಹಳೆಯ ತಗಡಿನ ಮಾದರಿಗಳಲ್ಲಿ ಮೂಲಬಣ್ಣ ಸವೆದಿದ್ದರೂ ಗೀರಿದ್ದರೂ ಅದೇ ಅವುಗಳ ಚಾರಿತ್ರಿಕ ಸಾಕ್ಷ್ಯ. ಸಂಗ್ರಾಹಕರು ಮರುಬಣ್ಣ ಕಂಡ ಮಾದರಿಗೆ ಕಡಮೆ ಬೆಲೆ ಕಟ್ಟುವುದು ನ್ಯಾಯವೇ ಆಗಿದೆ. ಅಂತಹವನ್ನು ಒದ್ದೆಯಿಲ್ಲದ ಮೆತುಬಟ್ಟೆಯಿಂದ ಒರೆಸಿ ಬಿಡಬೇಕು. ಆದರೆ ಲಕ್ಷಾಂತರವಾಗಿ ಅಚ್ಚಿನಿಂದ ಹೊರಬಿದ್ದು, ದಶಕಗಳ ಬಿಸಿಲಿನಲ್ಲಿ ಕಳೆಗುಂದಿ, ಹಳೆಯ ಸಾಮಾನಿನ ಅಂಗಡಿಯಲ್ಲಿ ಅರ್ಧಬೆಲೆಗೆ ದೊರಕುವ ಪ್ಲಾಸ್ಟಿಕ್ ಗಾಡಿಗೆ ಆ ಮರ್ಯಾದೆ ಅನಗತ್ಯ. ಹಳಿಯಿಂದ ವಿದ್ಯುತ್ತು ಪಡೆಯುವುದರ ಬದಲಾಗಿ ಒಡಲೊಳಗೆ ಬ್ಯಾಟರಿಯನ್ನೂ ರೇಡಿಯೋ ಗ್ರಾಹಕವನ್ನೂ ಇರಿಸಿಕೊಳ್ಳುವ ರೂಢಿ ಬಂದ ಮೇಲೆ, ಹಿತ್ತಾಳೆಯ ಹಳಿಯನ್ನು ಉಜ್ಜುವ ಶ್ರಮವೂ ಉಳಿದು, ಇಂತಹ ಹಳೆಯ ಗಾಡಿಗಳನ್ನು ಬಿಚ್ಚಿ, ತಿದ್ದಿ, ಹೊಸ ಬಣ್ಣದಲ್ಲಿ ಮತ್ತೆ ತೋಟಕ್ಕೆ ಇಳಿಸುವವರ ಸಂಖ್ಯೆ ಹೆಚ್ಚುತ್ತ ಬಂದಿದೆ.