ಪ್ರೇರಿ ಬಯಲಿನ ರೈತರ ಚರಿತ್ರೆ ಉಳಿದದ್ದು ಹೇಗೆ?

ಅಮೆರಿಕದ ನಡುಭಾಗದಿಂದ ಕೆನಡಾದವರೆಗೆ ಹಬ್ಬಿರುವ ಹುಲ್ಲಿನ ಬಯಲಿಗೆ ಪ್ರೇರಿ ಅಂತ ಹೆಸರು. ಇವತ್ತು ಅಲ್ಲಿ ಕಣ್ಣು ಹಾಯಿಸಿದಷ್ಟೂ ಗೋಧಿ, ಮೆಕ್ಕೆಜೋಳ, ಸೋಯಾ. ನೂರೈವತ್ತು ವರ್ಷದ ಹಿಂದಿನ ಅಲ್ಲಿನ ಸಾಮಾನ್ಯ ರೈತನ ಮನೆ ಎಷ್ಟು ಅಡಿ ಇತ್ತು, ಎಷ್ಟು ಎಕರೆ ಉತ್ತಿದ್ದ ಅನ್ನುವುದನ್ನೂ ಈಗ ತೆಗೆದು ನೋಡಬಹುದು. ರಾಜರ ಚರಿತ್ರೆ ಉಳಿಯುವುದು ಸರಿ, ರೈತರದ್ದು ಹೇಗೆ ಉಳಿಯಿತು?

ಮೊದಲನೆಯದು ಸರ್ಕಾರಿ ಕಾಗದ. 1862ರಲ್ಲಿ ಅಧ್ಯಕ್ಷ ಲಿಂಕನ್ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. ಸಣ್ಣ ಶುಲ್ಕ ಕಟ್ಟಿ ಅರ್ಜಿ ಹಾಕಿದವರಿಗೆ 160 ಎಕರೆ. ಐದು ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಸಾಗುವಳಿ ಮಾಡಿದರೆ ಹಕ್ಕುಪತ್ರ. ಕೊನೆಗೆ ಇಬ್ಬರು ಸಾಕ್ಷಿಗಳು ಹೇಳಿಕೆ ಕೊಡಬೇಕಿತ್ತು: ಮನೆಯ ಉದ್ದಗಲ ಎಷ್ಟು, ಎಷ್ಟು ಎಕರೆ ಉಳುಮೆಯಾಗಿದೆ, ಬಾವಿ ಇದೆಯೇ. ಹೀಗೆ ಸುಮಾರು 16 ಲಕ್ಷ ಹಕ್ಕುಪತ್ರ, 27 ಕೋಟಿ ಎಕರೆ ಹಂಚಿಕೆಯಾಯಿತು. ಆ ಕಡತಗಳನ್ನು ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರ ಜೋಪಾನ ಮಾಡಿದೆ.

ಆದರೆ ಹಕ್ಕುಪತ್ರ ಸಿಕ್ಕಿದ್ದು ಗೆದ್ದವರಿಗೆ. ಮಳೆ ಇಲ್ಲದೆ, ಸಾಲ ತೀರಿಸಲಾಗದೆ ಗಂಟು ಕಟ್ಟಿಕೊಂಡು ಹೋದವರ ಲೆಕ್ಕ? ಕ್ಯಾನ್ಸಸ್‌ನ ಇತಿಹಾಸಕಾರ ಜೇಮ್ಸ್ ಮ್ಯಾಲಿನ್ ಒಂದು ದಾರಿ ಹುಡುಕಿದರು. ಒಂದು ಜನಗಣತಿಯಲ್ಲಿದ್ದ ರೈತರ ಹೆಸರನ್ನು ಮುಂದಿನ ಗಣತಿಯಲ್ಲಿ ಹುಡುಕುತ್ತ ಹೋದರು. ಎಷ್ಟೋ ಹೆಸರು ಸಿಗಲೇ ಇಲ್ಲ. ಊರು ಬಿಟ್ಟವರ ಚರಿತ್ರೆಯನ್ನು ಅವರು ಬರೆದದ್ದು ಹೀಗೆ, ಕಾಣೆಯಾದ ಹೆಸರುಗಳನ್ನು ಎಣಿಸಿ. ಆ ಲೇಖನ 1935ರಲ್ಲಿ ಪ್ರಕಟವಾಯಿತು.

ಎರಡನೆಯದು ಫೋಟೋ. ನೆಬ್ರಾಸ್ಕದ ಸಾಲಮನ್ ಬುಚರ್‌ಗೆ ಬೇಸಾಯ ಕೈಹಿಡಿಯಲಿಲ್ಲ. 1886ರಿಂದ ಗಾಡಿ ಕಟ್ಟಿಕೊಂಡು ಊರೂರು ಸುತ್ತಿ ರೈತ ಕುಟುಂಬಗಳ ಫೋಟೋ ತೆಗೆದರು. ಮರ ಸಿಗದ ಆ ಬಯಲಲ್ಲಿ ಜನ ಹುಲ್ಲಿನ ಬೇರು ಸಮೇತ ಮಣ್ಣಿನ ಹೆಂಟೆ ಕೊಯ್ದು ಗೋಡೆ ಕಟ್ಟುತ್ತಿದ್ದರು. ಒಂದು ಮನೆಯಾಕೆಗೆ ಮಣ್ಣಿನ ಮನೆ ತೋರಿಸಲು ನಾಚಿಕೆ. ಮನೆಯೊಳಗಿದ್ದ ಆರ್ಗನ್ ವಾದ್ಯವನ್ನು ಅಂಗಳಕ್ಕೆ ಎಳೆಸಿ, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು. ನಂಟರ ಕಣ್ಣಿಗೆ ಬಡತನ ಬೀಳಬಾರದಲ್ಲ! ಬುಚರ್ ತೆಗೆದ 3,000ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ನೆಬ್ರಾಸ್ಕದ ಚರಿತ್ರೆ ಸಂಸ್ಥೆಯಲ್ಲಿವೆ. ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಿದಾಗ, ಬರೀ ಕತ್ತಲೆ ಅಂದುಕೊಂಡಿದ್ದ ಬಾಗಿಲಿನ ಒಳಗಿನ ಸಾಮಾನು ಕೂಡ ಕಂಡಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಆ ಭೂಮಿ ಖಾಲಿ ಇರಲಿಲ್ಲ. ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲವನ್ನೇ ಸರ್ಕಾರ ಹಂಚಿದ್ದು. ಅವರ ಬೇಸಾಯದ ಬಗ್ಗೆ ಹಕ್ಕುಪತ್ರದ ಕಡತದಲ್ಲಿ ಒಂದಕ್ಷರವೂ ಸಿಗದು. ಅದು ಉಳಿದದ್ದು ಒಬ್ಬ ಅಜ್ಜಿಯ ಬಾಯಿಂದ. ಮಿಸೌರಿ ನದಿ ದಂಡೆಯ ಹಿಡಾಟ್ಸ ಜನಾಂಗದ ಬಫಲೋ ಬರ್ಡ್ ವುಮನ್ ತನ್ನ ಭಾಷೆಯಲ್ಲಿ ಹೇಳಿದರು, ಮಗ ಗುಡ್‌ಬರ್ಡ್ ಇಂಗ್ಲಿಷಿಗೆ ತಿಳಿಸಿದ, ಗಿಲ್ಬರ್ಟ್ ವಿಲ್ಸನ್ ಬರೆದುಕೊಂಡರು. 1917ರಲ್ಲಿ ಪುಸ್ತಕವಾಯಿತು. ಬೈಸನ್‌ನ ಹೆಗಲ ಮೂಳೆಯಿಂದ ಗುದ್ದಲಿ ಮಾಡುವುದು, ಮೆಕ್ಕೆಜೋಳ, ಬೀನ್ಸ್, ಕುಂಬಳ, ಸೂರ್ಯಕಾಂತಿ ಬೆಳೆಯುವುದು, ಅಟ್ಟಣೆ ಮೇಲೆ ಕೂತು ಹಾಡುತ್ತ ಬೆಳೆ ಕಾಯುವುದು, ನಮ್ಮ ಹಗೇವಿನಂಥ ಗುಂಡಿಗೆ ಹುಲ್ಲು ಹಾಸಿ ಕಾಳು ತುಂಬುವುದು, ಎಲ್ಲವೂ ಅದರಲ್ಲಿದೆ. ಬೇಸಾಯ ಹೆಂಗಸರ ಕೈಯಲ್ಲಿತ್ತು ಅನ್ನುವುದೂ ಇದೆ. ನಮ್ಮ ಮಟ್ಟಿಗೆ ಪ್ರೇರಿಯ ದಾಖಲೆಗಳಲ್ಲೆಲ್ಲ ಇದೇ ದೊಡ್ಡದು.

ಹಳೇ ಕಾಗದ ಇಟ್ಟುಕೊಂಡು ಏನು ಪ್ರಯೋಜನ ಅನ್ನುವವರಿಗೆ ಧೂಳಿನ ಕಥೆ ಹೇಳಬೇಕು. 1930ರ ದಶಕದಲ್ಲಿ ಬರ ಬಿತ್ತು, ಹೊಲದ ಮಣ್ಣೆಲ್ಲ ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ಕ್ಕೆ ಹಗಲೇ ಕತ್ತಲಾಯಿತು. ತಪ್ಪು ಯಾರದು? ಲಾಭದಾಸೆಗೆ ಹುಲ್ಲುಗಾವಲನ್ನೆಲ್ಲ ಉತ್ತದ್ದೇ ಕಾರಣ ಅಂತ 1979ರಲ್ಲಿ ಡೊನಾಲ್ಡ್ ವರ್ಸ್ಟರ್ ಬರೆದರು. ಆದರೆ ಮ್ಯಾಲಿನ್ ಅದಕ್ಕೂ ಮುಂಚೆಯೇ ಹಳೇ ಪತ್ರಿಕೆಗಳನ್ನು ತಿರುವಿ, ನೇಗಿಲು ಬರುವ ಮೊದಲೂ ಅಲ್ಲಿ ಧೂಳುಗಾಳಿ ಇತ್ತು ಅಂದಿದ್ದರು. 2005ರಲ್ಲಿ ಜೆಫ್ ಕನ್ಫರ್ ಕೃಷಿ ಗಣತಿಯ ಅಂಕಿಗಳನ್ನು ನಕ್ಷೆಗೆ ಹಾಕಿ ನೋಡಿದರು. ಉಳುಮೆ ಕಡಿಮೆ ಇದ್ದ ಕಡೆಯೂ ಧೂಳು ಎದ್ದಿತ್ತು, ಬರವೇ ಮುಖ್ಯ ಕಾರಣ ಅಂದರು. ನೇಗಿಲಿನ ತಪ್ಪೇನೂ ಇಲ್ಲ ಅನ್ನಲು ನಮಗೆ ಮನಸ್ಸು ಬಾರದು. ಆದರೂ ಈ ವಾದ ಸಾಧ್ಯವಾದದ್ದು ಯಾರೋ ಗುಮಾಸ್ತರು ಬರೆದಿಟ್ಟ ಅಂಕಿಗಳಿಂದ.

ಬೀಜದ ದಾಖಲೆಯೂ ಉಂಟು. ಕೆನಡಾದ ಪ್ರೇರಿಯನ್ನು ಗೋಧಿಯ ಕಣಜ ಮಾಡಿದ ಮಾರ್ಕ್ವಿಸ್ ತಳಿ ಬೇಗ ಕೊಯ್ಲಿಗೆ ಬರುತ್ತಿತ್ತು, ಹಿಮ ಬೀಳುವುದರೊಳಗೆ ಕಾಳು ಕೈಗೆ. ಅದರ ತಂದೆತಾಯಿಗಳಲ್ಲಿ ಒಂದು ರೆಡ್ ಫೈಫ್, ಇನ್ನೊಂದು ನಮ್ಮ ದೇಶದಿಂದ ಹೋದ ಹಾರ್ಡ್ ರೆಡ್ ಕಲ್ಕತ್ತಾ.

ಅದೇ ಕೆನಡಾದ ಸಸ್ಕಾಚೆವಾನ್‌ನಲ್ಲಿ 1950ರ ದಶಕದಲ್ಲಿ ದಾಖಲೆ ಇಲಾಖೆ ಹಳೇ ವಲಸೆ ರೈತರಿಗೆ ಪ್ರಶ್ನೆಪತ್ರಿಕೆ ಕಳಿಸಿತು. ಊಟ, ಶಾಲೆ, ಹಬ್ಬಹರಿದಿನ, ಬೇಸಾಯ ಎಲ್ಲದರ ಬಗ್ಗೆಯೂ ಪ್ರಶ್ನೆ. ಹರೆಯದಲ್ಲಿ ಬಂದು ನೆಲ ಒಡೆದವರು ಅಷ್ಟರಲ್ಲಿ ಮುದುಕರಾಗಿದ್ದರು. ಅವರು ತುಂಬಿ ಕಳಿಸಿದ ಹಾಳೆಗಳನ್ನು ಸಂಶೋಧಕರು ಇವತ್ತಿಗೂ ತೆಗೆದು ಓದುತ್ತಾರೆ.